ಯುದ್ಧ ಮುಗಿದ ಮೇಲೆ ಕೆನಡಾದವರಿಗೆ ಅಮೆರಿಕ ಕಂಡರೆ ಆಗುತ್ತಿರಲಿಲ್ಲವೇ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದ ನಂತರ ಕೆನಡಾದವರಿಗೆ ಅಮೆರಿಕದ ಮೇಲೆ ಸಿಟ್ಟಿತ್ತು ಅಂತಾರೆ. ಹಾಗಿದ್ದರೆ ಅಲ್ಲಿಯ ಹಾಡು, ಟಿವಿ, ಕಾರು ಎಲ್ಲ ಯಾಕೆ ಬೇಕಾಗಿತ್ತು?

ಸಿಟ್ಟಿಗಿಂತ ಜಾಸ್ತಿ ಇದ್ದದ್ದು ಅಂಜಿಕೆ. ಪಕ್ಕದ ಮನೆಯವರ ಗದ್ದಲದಲ್ಲಿ ನಮ್ಮ ದನಿ ನಮಗೇ ಕೇಳಿಸದೆ ಹೋದರೆ ಏನು ಗತಿ ಅನ್ನುವ ಅಂಜಿಕೆ. ಅಮೆರಿಕದ್ದು ಏನೂ ಬೇಡ ಅಂದವರು ಕಡಿಮೆ. ಕೆನಡಾದ ಸ್ವಂತ ಟಿವಿ ಶುರುವಾದದ್ದು 1952ರ ಸೆಪ್ಟೆಂಬರ್‌ನಲ್ಲಿ. ಆದರೆ ಅದಕ್ಕೂ ಮೊದಲೇ ಟೊರೊಂಟೊದ ಜನ ಮನೆ ಮೇಲೆ ಆಂಟೆನಾ ನಿಲ್ಲಿಸಿ, ಅದನ್ನು ಸರೋವರದಾಚೆಯ ಬಫಲೊ ನಗರದ ಕಡೆಗೆ ತಿರುಗಿಸಿ, ಅಮೆರಿಕದ ಕಾರ್ಯಕ್ರಮ ನೋಡುತ್ತಾ ಕೂತಿದ್ದರು!

ಸರ್ಕಾರ ಸುಮ್ಮನೆ ಕೂರಲಿಲ್ಲ. ಕಲೆ, ಸಾಹಿತ್ಯ, ವಿಶ್ವವಿದ್ಯಾಲಯಗಳಿಗೆ ಸರ್ಕಾರವೇ ದುಡ್ಡು ಹಾಕಬೇಕು ಅಂತ ಸರ್ಕಾರವೇ ನೇಮಿಸಿದ್ದ ವಿನ್ಸೆಂಟ್ ಮ್ಯಾಸಿ ಆಯೋಗ 1951ರಲ್ಲಿ ಹೇಳಿತು. 1957ರಲ್ಲಿ ಕಲೆಗೆ ದುಡ್ಡು ಕೊಡುವ ಕೆನಡಾ ಕೌನ್ಸಿಲ್ ಬಂತು.

ಜನರ ಮನಸ್ಸಿಗೆ ನಿಜವಾಗಿ ಪೆಟ್ಟು ಬಿದ್ದದ್ದು 1959ರ ಫೆಬ್ರವರಿ 20ರಂದು. ತಮ್ಮದೇ ಯುದ್ಧವಿಮಾನ ಆ್ಯರೋ. ಖರ್ಚು ಏರುತ್ತಲೇ ಇದ್ದುದರಿಂದ ಪ್ರಧಾನಿ ಡೀಫೆನ್‌ಬೇಕರ್ ಆ ಯೋಜನೆಯನ್ನೇ ನಿಲ್ಲಿಸಿಬಿಟ್ಟರು. ಸುಮಾರು 14,000 ಜನರ ಕೆಲಸ ಹೋಯಿತು. ತಯಾರಾಗಿದ್ದ ವಿಮಾನಗಳನ್ನೂ ತುಂಡು ತುಂಡು ಮಾಡಿದರು. ದೇಶದ ಕಾವಲಿಗೆ ಬಂದದ್ದು ಅಮೆರಿಕದ ಬೋಮಾರ್ಕ್ ಕ್ಷಿಪಣಿ. ಹೊಟ್ಟೆ ಉರಿಯದೆ ಇರುತ್ತಾ?

ನನಗೆ ಎಲ್ಲಕ್ಕಿಂತ ಜಾಣತನದ್ದು ಅನ್ನಿಸುವುದು ರೇಡಿಯೊ ನಿಯಮ. ನೀಲ್ ಯಂಗ್, ಜೋನಿ ಮಿಚೆಲ್ ಅಂಥ ಕೆನಡಾದ ಗಾಯಕರೇ 60ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಹೆಸರು ಮಾಡಿದವರು, ಯಾಕೆಂದರೆ ಸ್ವಂತ ಊರಿನ ರೇಡಿಯೊದಲ್ಲೂ ಅಮೆರಿಕದ ಹಾಡಿಗೇ ಮೊದಲ ಮಣೆ. 1971ರ ಜನವರಿಯಿಂದ ಎಎಂ ಕೇಂದ್ರಗಳು ಶೇ. 30ರಷ್ಟು ಕೆನಡಾದ ಹಾಡು ಹಾಕಲೇಬೇಕು ಅಂತ ಆಯಿತು. ಕೆನಡಾದ ಹಾಡು ಅಂದರೆ ಯಾವುದು? ರಾಗ ಹಾಕಿದವರು, ಹಾಡಿದವರು, ಬರೆದವರು, ರೆಕಾರ್ಡಿಂಗ್ ಆದ ಜಾಗ, ಈ ನಾಲ್ಕರಲ್ಲಿ ಮೊದಲ ವರ್ಷ ಒಂದು, ಆಮೇಲೆ ಎರಡು ಕೆನಡಾದ್ದಾಗಿದ್ದರೆ ಸಾಕಿತ್ತು. ಅಮೆರಿಕದ ಹಾಡನ್ನು ಯಾರೂ ನಿಷೇಧಿಸಲಿಲ್ಲ, ತಮ್ಮವರಿಗೆ ಜಾಗ ಇಟ್ಟುಕೊಂಡರು, ಅಷ್ಟೇ.

ರೇಡಿಯೊ ಮಾಲೀಕರು ಗೊಣಗಿದರು. ಕೆಲವರು ಕೆನಡಾದ ಹಾಡುಗಳನ್ನೆಲ್ಲ ಯಾರೂ ಕೇಳದ ಹೊತ್ತಿಗೆ ತಳ್ಳಿದರು. ಆದರೆ ಗಾಯಕರು ಮರೆಯಲಿಲ್ಲ. ಆ ನಿಯಮ ತಂದ ಪ್ರಸಾರ ಆಯೋಗದ ಮುಖ್ಯಸ್ಥರ ಹೆಸರು ಪಿಯರ್ ಜೂನೊ. ಕೆನಡಾದ ಸಂಗೀತಗಾರರು ಇವತ್ತಿಗೂ ಪಡೆಯುವ ದೊಡ್ಡ ಪ್ರಶಸ್ತಿಯ ಹೆಸರೂ ಜೂನೊ.