ಓದುಗರ ಪ್ರಶ್ನೆ: ವೊಡಾಫೋನ್ ಐಡಿಯಾ ಮುಚ್ಚಿಹೋಗುತ್ತಾ? ಅಪ್ಪನ ಹಳೇ ನಂಬರ್ ಪೋರ್ಟ್ ಮಾಡಿಸಿಬಿಡಲೇ?

ತಿಪಟೂರು ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ತಂದೆಯವರ ನಂಬರ್ ಶುರುವಾಗುವುದು 98440ಯಿಂದ. ಸ್ಪೈಸ್ ಕಾಲದ್ದು. ಆಮೇಲೆ ಐಡಿಯಾ ಆಯಿತು, ಈಗ ವಿಐ. ಬ್ಯಾಂಕು, ಆಧಾರ್, ಗ್ಯಾಸು, ಡೈರಿ ಎಲ್ಲದಕ್ಕೂ ಇದೇ ನಂಬರ್ ಕೊಟ್ಟಿದ್ದೇವೆ. ಕಂಪನಿ ಇವತ್ತೋ ನಾಳೆಯೋ ಬಾಗಿಲು ಹಾಕುತ್ತೆ ಅಂತ ರೀಚಾರ್ಜ್ ಅಂಗಡಿಯವರು ಹೆದರಿಸುತ್ತಿದ್ದಾರೆ. ಪೋರ್ಟ್ ಮಾಡಿಸಿಬಿಡಲೇ?"

ಮೊದಲು ಧೈರ್ಯದ ಮಾತು. ನಂಬರ್ ಎಲ್ಲಿಗೂ ಹೋಗುವುದಿಲ್ಲ. 2011ರ ಜನವರಿಯಲ್ಲಿ ನಂಬರ್ ಪೋರ್ಟಬಿಲಿಟಿ ದೇಶಕ್ಕೆಲ್ಲ ಬಂದ ಮೇಲೆ ಯಾವ ಕಂಪನಿ ಮುಳುಗಿದರೂ ನಂಬರ್ ಅದರ ಜೊತೆ ಮುಳುಗಬೇಕಾಗಿಲ್ಲ. ಕಂಪನಿ ನಾಳೆ ಬೆಳಿಗ್ಗೆ ಬಾಗಿಲು ಹಾಕುವ ಸ್ಥಿತಿಯಲ್ಲೂ ಇಲ್ಲ. ಪೋರ್ಟ್ ಮಾಡಿಸಬೇಕೋ ಬೇಡವೋ ಎನ್ನುವುದನ್ನು ತೀರ್ಮಾನಿಸಬೇಕಾದ್ದು ನಿಮ್ಮ ತೋಟದ ಪಂಪ್‌ಹೌಸ್ ಹತ್ತಿರ ಎಷ್ಟು ಕಡ್ಡಿ ಟವರ್ ಸಿಗುತ್ತದೆ ಎಂಬುದನ್ನು ನೋಡಿ. ಯಾಕೆ ಹಾಗೆನ್ನುತ್ತೇನೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ರಾಜ್ಯದಲ್ಲಿ ಒಂದು ಕಾಲಕ್ಕೆ ನಂಬರ್ ನೋಡಿದರೇ ಕಂಪನಿ ಗೊತ್ತಾಗುತ್ತಿತ್ತು. 98440 ಅಂದರೆ ಸ್ಪೈಸ್, 98450 ಏರ್‌ಟೆಲ್, 98860 ಹಚ್, 94480 ಬಿಎಸ್‌ಎನ್‌ಎಲ್. ಹಚ್ 2007ರಲ್ಲಿ ವೊಡಾಫೋನ್ ಆಯಿತು. ಸ್ಪೈಸನ್ನು 2008ರಲ್ಲಿ ಐಡಿಯಾ ಕೊಂಡಿತು. 2018ರ ಆಗಸ್ಟ್ ಕೊನೆಗೆ ವೊಡಾಫೋನ್ ಇಂಡಿಯಾ ಮತ್ತು ಐಡಿಯಾ ಎರಡೂ ಒಂದಾದವು. ಹೀಗೆ ಎದುರುಬದುರು ಅಂಗಡಿ ಹಾಕಿಕೊಂಡಿದ್ದ 98440 ಮತ್ತು 98860 ಒಂದೇ ಮನೆ ಸೇರಿದವು. ಅವತ್ತು ಆ ಮನೆಯಲ್ಲಿ 40 ಕೋಟಿಗೂ ಹೆಚ್ಚು ಗ್ರಾಹಕರಿದ್ದರು. ದೇಶದ ನಂಬರ್ ಒನ್ ಕಂಪನಿ ಅದೇ. 2025ರ ಹೊತ್ತಿಗೆ ಆ ಲೆಕ್ಕ 20 ಕೋಟಿಯ ಆಸುಪಾಸಿಗೆ ಇಳಿದಿತ್ತು. ಏಳು ವರ್ಷದಲ್ಲಿ ಅರ್ಧ ಮನೆ ಖಾಲಿ.

ಇದಕ್ಕೆ ಮೊದಲ ಕಾರಣ ಎಲ್ಲರಿಗೂ ಗೊತ್ತಿರುವುದೇ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ತಿಂಗಳುಗಟ್ಟಲೆ ಪುಕ್ಕಟೆ ಡೇಟಾ ಕೊಟ್ಟಿತು. ಅಲ್ಲಿಯವರೆಗೆ ಮಾತಿಗೆ ಇಷ್ಟು, ಮೆಸೇಜಿಗೆ ಇಷ್ಟು ಎಂದು ದುಡಿಯುತ್ತಿದ್ದವರೆಲ್ಲ ದರ ಇಳಿಸಲೇಬೇಕಾಯಿತು. ಆ ಹೊಡೆತ ತಡೆಯಲೆಂದೇ ಇವೆರಡೂ ಒಂದಾಗಿದ್ದು. ಎರಡನೆಯ ಕಾರಣ ಎಜಿಆರ್ (ಅಡ್ಜಸ್ಟೆಡ್ ಗ್ರಾಸ್ ರೆವೆನ್ಯೂ), ಅಂದರೆ ಸರ್ಕಾರಕ್ಕೆ ಪಾಲು ಕಟ್ಟಲು ಲೆಕ್ಕಕ್ಕೆ ಹಿಡಿಯುವ ಆದಾಯ. ಪತ್ರಿಕೆಗಳಲ್ಲಿ ಈ ಮೂರಕ್ಷರ ದಿನಾ ಬರುತ್ತದೆ, ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಪುರಸಭೆಯ ಕಟ್ಟಡದಲ್ಲಿ ಒಬ್ಬರು ಹೋಟೆಲ್ ನಡೆಸುತ್ತಾರೆ ಎಂದುಕೊಳ್ಳಿ. ಬಾಡಿಗೆ ಇಷ್ಟೇ ಎಂದು ಗೊತ್ತುಮಾಡುವ ಬದಲು, ಆದಾಯದಲ್ಲಿ ನೂರಕ್ಕೆ ಎಂಟು ರೂಪಾಯಿ ಕೊಡಬೇಕು ಎಂದು ಕರಾರು. ಮಾಲೀಕರು ಇಡ್ಲಿ, ದೋಸೆ, ಕಾಫಿ ಮಾರಿದ ಲೆಕ್ಕ ಬರೆದು ಪಾಲು ಕಟ್ಟುತ್ತಾ ಬಂದರು. ಒಂದು ದಿನ ಪುರಸಭೆ ಹೇಳಿತು: ಖಾಲಿ ಎಣ್ಣೆ ಡಬ್ಬ ಮಾರಿದ್ದೂ ಆದಾಯವೇ, ಬ್ಯಾಂಕಿನ ಠೇವಣಿಗೆ ಬಂದ ಬಡ್ಡಿಯೂ ಆದಾಯವೇ, ಮೇಲಿನ ಕೋಣೆ ಬಾಡಿಗೆಗೆ ಕೊಟ್ಟಿದ್ದೂ ಆದಾಯವೇ, ಅದರಲ್ಲೂ ಪಾಲು ಕೊಡಿ. ಮಾಲೀಕರು ಒಪ್ಪಲಿಲ್ಲ, ಕೋರ್ಟಿಗೆ ಹೋದರು. ಮೊಬೈಲ್ ಕಂಪನಿಗಳಿಗೂ ದೂರಸಂಪರ್ಕ ಇಲಾಖೆಗೂ ನಡೆದ ಜಗಳ ಇಂಥದ್ದೇ. ಒಂದೂವರೆ ದಶಕ ಎಳೆಯಿತು. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಇಲಾಖೆಯ ಲೆಕ್ಕವೇ ಸರಿ ಎಂದಿತು.

ಏಟು ಬಿದ್ದಿದ್ದು ಅಸಲಿಗಿಂತ ಬಡ್ಡಿಯಿಂದ. ಎಲ್ಲ ಕಂಪನಿಗಳ ಲೈಸೆನ್ಸ್ ಶುಲ್ಕದ ಬಾಕಿ ಅಂದು ಕೋರ್ಟಿನ ಮುಂದೆ ಬಂದಿದ್ದು 92 ಸಾವಿರ ಕೋಟಿಗೂ ಮಿಕ್ಕಿ. ಅದರಲ್ಲಿ ಅಸಲು ಸುಮಾರು 23 ಸಾವಿರ ಕೋಟಿ. ಬಡ್ಡಿ 41 ಸಾವಿರ ಕೋಟಿಗೂ ಹೆಚ್ಚು, ದಂಡ 11 ಸಾವಿರ ಕೋಟಿಯ ಹತ್ತಿರ, ಆ ದಂಡದ ಮೇಲಿನ ಬಡ್ಡಿ ಮತ್ತೆ 17 ಸಾವಿರ ಕೋಟಿಯ ಹತ್ತಿರ. ಕೈಸಾಲ ಮಾಡಿದ ಯಾವ ರೈತನಿಗೂ ಈ ಲೆಕ್ಕ ವಿವರಿಸಬೇಕಿಲ್ಲ. ವೊಡಾಫೋನ್ ಐಡಿಯಾ ಒಂದಕ್ಕೇ ಇಲಾಖೆ ಹಾಕಿದ ಒಟ್ಟು ಎಜಿಆರ್ ಬಾಕಿ 58,254 ಕೋಟಿ ರೂಪಾಯಿ. ತಾನು ಕೊಡಬೇಕಾದ್ದು 21,533 ಕೋಟಿ ಎಂದು ಕಂಪನಿ ತನ್ನ ಲೆಕ್ಕ ತೋರಿಸಿತ್ತು. ಆ ತೀರ್ಪಿನ ಬಾಕಿಯನ್ನೂ ಸೇರಿಸಿಕೊಂಡು ಕಂಪನಿ ಮೂರೇ ತಿಂಗಳಿಗೆ ತೋರಿಸಿದ ನಷ್ಟ 50,921 ಕೋಟಿ. ಭಾರತದ ಯಾವ ಕಂಪನಿಯೂ ಅಲ್ಲಿಯವರೆಗೆ ಒಂದು ತ್ರೈಮಾಸಿಕದಲ್ಲಿ ಅಷ್ಟು ನಷ್ಟ ತೋರಿಸಿರಲಿಲ್ಲ.

ಕಂಪನಿಯದ್ದೇನೂ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಕರಾರಿಗೆ ಸಹಿ ಹಾಕಿದ್ದು ಅವರೇ. ವರ್ಷಗಟ್ಟಲೆ ವ್ಯಾಜ್ಯ ನಡೆಯುತ್ತಿದ್ದಾಗ ಸೋತರೆ ಏನು ಎಂದು ಸಾಕಷ್ಟು ಹಣ ತೆಗೆದಿಟ್ಟಿರಲಿಲ್ಲ. ಆದರೆ ವ್ಯಾಜ್ಯ ಅಷ್ಟು ವರ್ಷ ಎಳೆಯಲು ಬಿಟ್ಟು, ಎಳೆದಷ್ಟೂ ಬಡ್ಡಿ ಬೆಳೆಯಲು ಬಿಟ್ಟ ವ್ಯವಸ್ಥೆಗೂ ಇದರಲ್ಲಿ ಪಾಲಿದೆ.

ಈ ಸಾಲಕ್ಕೂ ನಿಮ್ಮ ಅಪ್ಪನ ಫೋನಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಟವರ್‌ನಲ್ಲಿದೆ. ಮೊಬೈಲ್ ಕಂಪನಿ ವರ್ಷವರ್ಷವೂ ಟವರ್‌ಗೆ ದುಡ್ಡು ಸುರಿಯುತ್ತಲೇ ಇರಬೇಕು. ಜನ ವಿಡಿಯೋ ನೋಡುವುದು ಹೆಚ್ಚಿದಂತೆ ಹೊಸ ಆಂಟೆನಾ, ಹೊಸ ರೇಡಿಯೋ, ಟವರ್ ಬುಡದವರೆಗೆ ಫೈಬರ್, ಕರೆಂಟ್ ಹೋದಾಗ ತಡೆಯುವ ಬ್ಯಾಟರಿ ಬೇಕು. ಸಾಲದವನ ಮನೆಯಲ್ಲಿ ಮೊದಲು ನಿಲ್ಲುವುದು ರಿಪೇರಿ. ಹೂಡಿಕೆ ನಿಂತರೆ ಸಿಗ್ನಲ್ ಕೆಡುತ್ತದೆ, ಸಿಗ್ನಲ್ ಕೆಟ್ಟರೆ ಗ್ರಾಹಕರು ಹೋಗುತ್ತಾರೆ, ಗ್ರಾಹಕರು ಹೋದರೆ ಆದಾಯ ಇಳಿಯುತ್ತದೆ, ಆದಾಯ ಇಳಿದರೆ ಹೂಡಿಕೆ ಇನ್ನಷ್ಟು ಕಷ್ಟ. 2022ರ ಅಕ್ಟೋಬರ್‌ನಲ್ಲಿ ಜಿಯೋ, ಏರ್‌ಟೆಲ್ ಇಬ್ಬರೂ 5ಜಿ ಶುರುಮಾಡಿದಾಗ ವಿಐ ಹರಾಜಿನಲ್ಲಿ 18,799 ಕೋಟಿಗೆ ಸ್ಪೆಕ್ಟ್ರಮ್ ಕೊಂಡೂ ಕೈಕಟ್ಟಿ ಕೂತಿತ್ತು. ತರಂಗಾಂತರ ಇತ್ತು, ಅದನ್ನು ಬಿತ್ತರಿಸುವ ಯಂತ್ರಕ್ಕೆ ದುಡ್ಡಿರಲಿಲ್ಲ. ಬೋರ್‌ವೆಲ್ ಕೊರೆಸಿ ಮೋಟರ್ ಇಲ್ಲದ ಪರಿಸ್ಥಿತಿ.

ದುಡ್ಡು ಬಂದಿದ್ದು 2024ರಲ್ಲಿ. ಆ ಏಪ್ರಿಲ್‌ನಲ್ಲಿ ಷೇರಿಗೆ 11 ರೂಪಾಯಿಯಂತೆ ಸಾರ್ವಜನಿಕರಿಂದ 18,000 ಕೋಟಿ ಎತ್ತಿದರು. ಸೆಪ್ಟೆಂಬರ್‌ನಲ್ಲಿ ನೋಕಿಯಾ, ಎರಿಕ್ಸನ್, ಸ್ಯಾಮ್‌ಸಂಗ್ ಜೊತೆ ಮೂರು ವರ್ಷಕ್ಕೆ ಸುಮಾರು 30,000 ಕೋಟಿಯ ಉಪಕರಣದ ಒಪ್ಪಂದವಾಯಿತು. 2024ರ ಮಾರ್ಚ್‌ನಲ್ಲಿ ದೇಶದ ನೂರರಲ್ಲಿ 77 ಜನರಿಗೆ ತಲುಪುತ್ತಿದ್ದ ಅವರ 4ಜಿ, 2025ರ ಜೂನ್ ಹೊತ್ತಿಗೆ 84 ಜನರಿಗೆ ತಲುಪಿತು. 5ಜಿ ಮುಂಬೈಯಲ್ಲಿ 2025ರ ಮಾರ್ಚ್‌ಗೆ, ಬೆಂಗಳೂರಿನಲ್ಲಿ ಜೂನ್‌ಗೆ ಬಂತು.

ಹಳ್ಳಿಯಲ್ಲಿರುವವರು 5ಜಿ ಸುದ್ದಿಗಿಂತ 900 ಮೆಗಾಹರ್ಟ್ಸ್ ಎಂಬ ಮಾತಿಗೆ ಕಿವಿಗೊಡುವುದು ಒಳ್ಳೆಯದು. ಮೆಗಾಹರ್ಟ್ಸ್ ತಗ್ಗಿದಷ್ಟೂ ಅಲೆ ದೂರ ಹೋಗುತ್ತದೆ, ಗೋಡೆ ದಾಟಿ ಒಳಗೆ ಬರುತ್ತದೆ. 5ಜಿ ಓಡುವ 3300 ಮೆಗಾಹರ್ಟ್ಸ್‌ನ ಅಲೆ ವೇಗದ್ದು, ಆದರೆ ಆರ್‌ಸಿಸಿ ಮನೆಯ ಎರಡು ಗೋಡೆ, ಒಂದು ಅಡಿಕೆ ತೋಟ ಅಡ್ಡ ಬಂದರೆ ಸುಸ್ತಾಗುತ್ತದೆ. ಎಷ್ಟೋ ಮನೆಗಳಲ್ಲಿ ಜಗಲಿಗೆ ಬಂದರೆ ಮಾತು ಕೇಳುತ್ತದೆ, ಅಡುಗೆಮನೆಗೆ ಹೋದರೆ "ಹಲೋ, ಹಲೋ" ಅನ್ನುತ್ತಾ ಮತ್ತೆ ಹೊರಗೆ ಬರಬೇಕು. ಹಳೆಯ 2ಜಿ, 3ಜಿಗೆ ಮೀಸಲಿದ್ದ ತರಂಗಾಂತರವನ್ನು ಬಿಡಿಸಿಕೊಂಡು 4ಜಿಗೆ ಹಾಕುವ ಕೆಲಸ ಈ ಕಾರಣಕ್ಕೇ ನಡೆಯುತ್ತಿದೆ. ಕರ್ನಾಟಕಕ್ಕೆಂದು 2022ರ ಹರಾಜಿನಲ್ಲಿ ಹೆಚ್ಚುವರಿ 4ಜಿ ಸ್ಪೆಕ್ಟ್ರಮನ್ನೂ ಅವರು ಕೊಂಡಿದ್ದಾರೆ. ನಿಮ್ಮ ಊರಿನ ಟವರ್‌ಗೆ ಅದು ಬಂದಿದೆಯೇ ಎಂಬುದನ್ನು ಅಡುಗೆಮನೆಯಲ್ಲಿ ನಿಂತು ಫೋನ್ ಮಾಡಿಯೇ ನೋಡಬೇಕು.

ಇನ್ನು ಬಾಗಿಲು ಹಾಕುವ ಮಾತು. ಅದು ಅಂಗಡಿಯವರ ಕಟ್ಟುಕಥೆಯೇನಲ್ಲ. 2019ರ ಡಿಸೆಂಬರ್‌ನಲ್ಲಿ, ಸರ್ಕಾರ ನೆರವಾಗದಿದ್ದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಕಂಪನಿಯ ಅಂದಿನ ಅಧ್ಯಕ್ಷ ಕುಮಾರ ಮಂಗಲಂ ಬಿರ್ಲಾ ಬಹಿರಂಗವಾಗಿಯೇ ಹೇಳಿದ್ದರು. 2025ರ ಏಪ್ರಿಲ್‌ನಲ್ಲಿ ಕಂಪನಿಯ ಮುಖ್ಯಸ್ಥರು ಇಲಾಖೆಗೆ ಬರೆದ ಪತ್ರದಲ್ಲೂ ಅದೇ ಅರ್ಥದ ಮಾತಿತ್ತು. ಲೆಕ್ಕ ನೋಡಿದರೆ ಯಾಕೆಂದು ತಿಳಿಯುತ್ತದೆ. ಖರ್ಚು ಕಳೆದು ಕೈಗೆ ಬರುತ್ತಿದ್ದುದು ವರ್ಷಕ್ಕೆ 9 ಸಾವಿರ ಕೋಟಿಯ ಆಸುಪಾಸು. 2026ರ ಮಾರ್ಚ್‌ನಿಂದ ಕಟ್ಟಬೇಕಿದ್ದ ಎಜಿಆರ್ ಕಂತು 16 ಸಾವಿರ ಕೋಟಿಗೂ ಹೆಚ್ಚು. ಬ್ಯಾಂಕುಗಳ ಹತ್ತಿರ 25 ಸಾವಿರ ಕೋಟಿ ಸಾಲ ಕೇಳಿದರೆ, ಮೊದಲು ಎಜಿಆರ್ ಏನಾಗುತ್ತದೆ ಹೇಳಿ ಎಂದರು. 2025ರ ನಡುವಿಗೆ ಕಂಪನಿಗೆ ಬ್ಯಾಂಕುಗಳಲ್ಲಿ ಉಳಿದಿದ್ದ ಸಾಲ 2 ಸಾವಿರ ಕೋಟಿಗಿಂತ ಕಡಿಮೆ, ಸರ್ಕಾರಕ್ಕೆ ಕೊಡಬೇಕಿದ್ದುದು ಸುಮಾರು 2 ಲಕ್ಷ ಕೋಟಿ. ಅಂದರೆ ಸಾಲಗಾರನ ಕುತ್ತಿಗೆ ಹೆಚ್ಚೂಕಡಿಮೆ ಒಬ್ಬನೇ ಧಣಿಯ ಕೈಯಲ್ಲಿತ್ತು.

ಆ ಧಣಿ ಕುತ್ತಿಗೆ ಹಿಸುಕಲಿಲ್ಲ. 2021ರಲ್ಲಿ ನಾಲ್ಕು ವರ್ಷ ಕಂತು ಮುಂದೂಡಲು ಅವಕಾಶ ಕೊಟ್ಟಿತು. 2023ರಲ್ಲಿ 16,133 ಕೋಟಿಯ ಬಡ್ಡಿಯನ್ನು, 2025ರಲ್ಲಿ 36,950 ಕೋಟಿಯ ಸ್ಪೆಕ್ಟ್ರಮ್ ಬಾಕಿಯನ್ನು ಷೇರಾಗಿ ಪರಿವರ್ತಿಸಿಕೊಂಡಿತು. ಹೀಗಾಗಿ ಕೇಂದ್ರ ಸರ್ಕಾರ ಸುಮಾರು ಶೇಕಡಾ 49ರಷ್ಟು ಪಾಲಿನೊಂದಿಗೆ ಕಂಪನಿಯ ಅತಿ ದೊಡ್ಡ ಷೇರುದಾರ. ಅದಕ್ಕಿಂತ ಮೇಲೆ ಹೋಗುವುದಿಲ್ಲ, ಇದನ್ನು ಸರ್ಕಾರಿ ಕಂಪನಿ ಮಾಡುವುದಿಲ್ಲ ಎಂದು ದೂರಸಂಪರ್ಕ ಸಚಿವರು ಹೇಳಿದ್ದಾರೆ. 2025ರ ನವೆಂಬರ್‌ನಲ್ಲಿ, ಸರ್ಕಾರ ಬಯಸಿದರೆ ಬಾಕಿಯನ್ನು ಮತ್ತೆ ಲೆಕ್ಕ ಹಾಕಬಹುದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ವರ್ಷದ ಕೊನೆಗೆ ಕೇಂದ್ರ ಸಚಿವ ಸಂಪುಟ 87,695 ಕೋಟಿಯ ಎಜಿಆರ್ ಬಾಕಿಯನ್ನು ಅಲ್ಲಿಗೇ ನಿಲ್ಲಿಸಿ, ಅದರ ದೊಡ್ಡ ಕಂತುಗಳನ್ನು ಮುಂದಿನ ದಶಕಕ್ಕೆ ತಳ್ಳಿತು. ಸಾಲ ಮನ್ನಾ ಆಗಿಲ್ಲ, ಉಸಿರಾಡಲು ಸಮಯ ಸಿಕ್ಕಿದೆ. ಆ ಸಮಯದಲ್ಲಿ ಉಳಿಯುವ ಹಣ ಟವರ್ ಏರಿದರೆ ಕಂಪನಿ ಎದ್ದುಕೊಳ್ಳುತ್ತದೆ. ಹಿಂದೆ ಇಂಥ ಸಮಯ ಸಿಕ್ಕಾಗ ಉಪಕರಣ ಬರಲು ಮೂರು ವರ್ಷ ಹಿಡಿಯಿತು ಎನ್ನುವುದೇ ನನಗಿರುವ ಆತಂಕ.

ವಿಐ ಉಳಿಯಲಿ ಎಂದು ನಾನು ಮನಸಾರೆ ಬಯಸುತ್ತೇನೆ, ಬೇರೆ ಸಿಮ್ ಇಟ್ಟುಕೊಂಡಿರುವವರ ಸಲುವಾಗಿಯೂ. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೇ ವಾರದಲ್ಲಿ ದರ ಏರಿಸಿದ್ದು ನೆನಪಿದೆಯಲ್ಲ? ಮೂವರಿದ್ದಾಗಲೇ ಹಾಗಾಯಿತು. ಇಬ್ಬರೇ ಉಳಿದರೆ ರೀಚಾರ್ಜ್ ಕೌಂಟರ್ ಮುಂದೆ ನಿಲ್ಲುವ ಕೂಲಿಯವರಿಗೆ ಆಯ್ಕೆ ಎಲ್ಲಿ? ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸಾಧನಗಳೊಂದಿಗೆ ಬಿಎಸ್‌ಎನ್‌ಎಲ್ 4ಜಿ ಹರಡುತ್ತಿದೆ, ಒಳ್ಳೆಯದೇ. ಅದೊಂದರ ಮೇಲೇ ಭಾರ ಹಾಕಿ ಕೂರಲಾಗದು.

ಈಗ ನಿಮ್ಮ ತಂದೆಯವರ ನಂಬರ್. ಹೆದರಿಕೆಗೆ ಪೋರ್ಟ್ ಮಾಡಿಸಬೇಡಿ, ಅಭಿಮಾನಕ್ಕೆ ಕಾಯುತ್ತಲೂ ಕೂರಬೇಡಿ. ಪಕ್ಕದ ಮನೆಯವರ ಬೇರೆ ಕಂಪನಿಯ ಫೋನ್ ತೆಗೆದುಕೊಂಡು ಅಡುಗೆಮನೆ, ಕೊಟ್ಟಿಗೆ, ತೋಟದ ಪಂಪ್‌ಹೌಸ್ ಮೂರೂ ಕಡೆ ಮಾತಾಡಿ ನೋಡಿ. ಎರಡು ಸಿಮ್‌ನ ಫೋನಾದರೆ ಒಂದು ತಿಂಗಳ ರೀಚಾರ್ಜ್ ಹಾಕಿಸಿ ಇನ್ನೂ ಚೆನ್ನಾಗಿ ಪರೀಕ್ಷಿಸಬಹುದು. ವ್ಯತ್ಯಾಸ ಕಾಣದಿದ್ದರೆ ಇದ್ದಲ್ಲೇ ಇರಿ. ವರ್ಷದ ರೀಚಾರ್ಜ್ ಮಾತ್ರ ಒಮ್ಮೆಗೇ ಹಾಕಿಸಬೇಡಿ. ಪೋರ್ಟ್ ಮಾಡಿದರೆ ಉಳಿದ ಪ್ಯಾಕ್, ಬ್ಯಾಲೆನ್ಸ್ ಜೊತೆಗೆ ಬರುವುದಿಲ್ಲ.

ಪೋರ್ಟ್ ಮಾಡಿಸುವುದೇ ಆದರೆ ಟವರ್ ಇರುವಾಗಲೇ ಮಾಡಿಸಿ. ನಮ್ಮ ಮನೆಯಲ್ಲಿ ಇದರ ಪಾಠ ಆಗಿದೆ. ಕೆಲವು ವರ್ಷಗಳ ಹಿಂದೆ ಒಂದು ಕಂಪನಿ ಸೇವೆ ನಿಲ್ಲಿಸುವ ಸುದ್ದಿ ಬಂದಾಗ ನಮ್ಮ ಅತ್ತೆ "ಆಮೇಲೆ ನೋಡೋಣ ಬಿಡು" ಅಂದರು. ಊರಿನ ಟವರ್ ಆರಿದ ಮೇಲೆ ನೋಡಿದರೆ 1900ಕ್ಕೆ ಎಸ್‌ಎಂಎಸ್ ಹೋಗುತ್ತಲೇ ಇಲ್ಲ. ಆ ಮೆಸೇಜ್ ಅದೇ ನಂಬರ್‌ನಿಂದ ಹೋಗಬೇಕು. ಕೊನೆಗೆ ಪಕ್ಕದೂರಿನ ಬಸ್ ಸ್ಟ್ಯಾಂಡಿನಲ್ಲಿ ಫೋನ್ ಎತ್ತಿ ಹಿಡಿದು, ಒಂದು ಕಡ್ಡಿ ಕಂಡಾಗ ಕಳಿಸಿದ್ದಾಯಿತು. ಮನೆಯಲ್ಲಿ ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ ಅದು.

ಮಾಡುವ ಕ್ರಮ ಸುಲಭ. PORT ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಹತ್ತಂಕಿಯ ನಂಬರ್ ಬರೆದು 1900ಕ್ಕೆ ಕಳಿಸಿ. ಎಂಟು ಅಕ್ಷರಗಳ ಒಂದು ಕೋಡ್ ಬರುತ್ತದೆ. ನಮ್ಮಲ್ಲಿ ಅದಕ್ಕೆ ನಾಲ್ಕು ದಿನ ಆಯಸ್ಸು. ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ತಂದೆಯವರೇ ಹೋಗಬೇಕು, ಸಿಮ್ ಅವರ ಹೆಸರಿನಲ್ಲಿರುವುದರಿಂದ. ರಾಜ್ಯದೊಳಗೇ ಆದರೆ ಮೂರು ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು ಎಂಬ ನಿಯಮ ನಿಮಗೆ ತೊಡಕಲ್ಲ. ಸಿಮ್ ಹಾಳಾಗಿ ಈಚೆಗೆ ಬದಲಿಸಿದ್ದರೆ ಮಾತ್ರ ಏಳು ದಿನ ಕಾಯಬೇಕು. ಹಳೇ ಸಿಮ್ ನಿಂತು ಹೊಸದು ಶುರುವಾಗುವ ನಡುವೆ ಕೆಲವು ಗಂಟೆ ಫೋನ್ ಸತ್ತಿರುತ್ತದೆ. ಬ್ಯಾಂಕಿನ ಓಟಿಪಿ ಬೇಕಾದ ಕೆಲಸವನ್ನು ಆ ದಿನಕ್ಕೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತನ್ನು ತಂದೆಯವರನ್ನು ಕೂರಿಸಿಕೊಂಡು ಹೇಳಿ. "ನಿಮ್ಮ ಕಂಪನಿ ಮುಚ್ಚುತ್ತಿದೆ, ಸಿಮ್ ಬಂದ್ ಆಗುತ್ತೆ, ಮೆಸೇಜಿನಲ್ಲಿ ಬಂದ ನಂಬರ್ ಹೇಳಿ" ಎಂದು ಯಾರಾದರೂ ಫೋನ್ ಮಾಡಿದರೆ ಆ ಎಂಟಕ್ಷರದ ಕೋಡನ್ನಾಗಲೀ ಓಟಿಪಿಯನ್ನಾಗಲೀ ಹೇಳಬಾರದು, ಫೋನ್ ಇಟ್ಟುಬಿಡಬೇಕು. ಕಂಪನಿ ನಿಜಕ್ಕೂ ಸೇವೆ ನಿಲ್ಲಿಸುವುದಾದರೆ ಗ್ರಾಹಕರಿಗೆ ಮುಂಚಿತವಾಗಿ ನೋಟಿಸ್ ಕೊಡಲೇಬೇಕು. 2018ರಲ್ಲಿ ಏರ್‌ಸೆಲ್ ಮುಳುಗಿದಾಗ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಪೋರ್ಟಿಂಗ್ ಕೋಡ್‌ನ ಅವಧಿಯನ್ನೇ ವಿಸ್ತರಿಸಿ ಜನರಿಗೆ ಸಮಯ ಕೊಟ್ಟಿತ್ತು. ಪಂಪ್‌ಹೌಸಿನ ಪರೀಕ್ಷೆ ಮುಗಿಸಿ ಬರೆಯಿರಿ, ನಿಮ್ಮ ಕಡೆ ಟವರ್ ಹೇಗಿದೆ ಎಂದು ತಿಳಿಯಲು ನನಗೂ ಆಸೆಯಿದೆ.