ಗಾಲ್‌ಸ್ಟನ್ ಕಡತಗಳು: ಏಜೆಂಟ್ ಆರೆಂಜ್ ವಿರುದ್ಧ ಬರೆದ ಕಾಗದಗಳ ಹಿನ್ನೆಲೆ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆರ್ಥರ್ ಗಾಲ್‌ಸ್ಟನ್ ಅನ್ನುವ ಸಸ್ಯವಿಜ್ಞಾನಿಯ ಕಾಗದಪತ್ರಗಳನ್ನು ಕಾಪಾಡಿ ಇಟ್ಟಿದ್ದಾರೆ. 1955ರಿಂದ ನಿವೃತ್ತಿಯವರೆಗೆ ಅವರು ಕೆಲಸ ಮಾಡಿದ್ದು ಅಲ್ಲೇ. ಅವರ ಬಗ್ಗೆ ಹುಡುಕಿದರೆ ‘ಏಜೆಂಟ್ ಆರೆಂಜ್ ಕಂಡುಹಿಡಿದ ವಿಜ್ಞಾನಿ’ ಎಂಬ ಮಾತು ಬೇಗ ಕಣ್ಣಿಗೆ ಬೀಳುತ್ತದೆ. ಇದು ತಪ್ಪು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಸುರಿದ ಆ ಸಸ್ಯನಾಶಕವನ್ನು ಅವರು ಕಂಡುಹಿಡಿಯಲಿಲ್ಲ. ಆದರೆ ಅದನ್ನು ನಿಲ್ಲಿಸಲು ಕಷ್ಟಪಟ್ಟವರಲ್ಲಿ ಅವರು ಮುಖ್ಯರು. ಈ ಎರಡು ಮಾತು ಹೇಗೆ ಕಲಸಿಹೋದವು ಅಂತ ತಿಳಿಯಲು 1943ಕ್ಕೆ ಹೋಗಬೇಕು.

ಆಗ ಗಾಲ್‌ಸ್ಟನ್‌ಗೆ 23 ವರ್ಷ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸುತ್ತಿದ್ದರು. ವಿಷಯ ಸೋಯಾ ಅವರೆ. ಉತ್ತರದ ರಾಜ್ಯಗಳಲ್ಲಿ ಬೇಸಿಗೆ ಚಿಕ್ಕದು. ಗಿಡ ಬೇಗ ಹೂ ಬಿಟ್ಟರೆ ರೈತನಿಗೆ ಚಳಿ ಬರುವ ಮೊದಲೇ ಬೆಳೆ ಕೈಗೆ ಸಿಗುತ್ತದೆ. ಟಿಬಾ ಎಂಬ ರಾಸಾಯನಿಕವನ್ನು ಸ್ವಲ್ಪವೇ ಸಿಂಪಡಿಸಿದಾಗ ಗಿಡ ಚೆನ್ನಾಗಿ ಹೂ ಬಿಟ್ಟಿತು. ಪ್ರಮಾಣ ಜಾಸ್ತಿ ಆದಾಗ ಎಲೆಗಳು ಉದುರಿದವು.

ಯಾಕೆ ಉದುರಿದವು? ಎಲೆಯ ತೊಟ್ಟು ಕಾಂಡಕ್ಕೆ ಅಂಟಿಕೊಂಡಿರುವ ಕಡೆ ಒಂದು ತೆಳು ಪದರ ಇರುತ್ತದೆ. ಎಲೆಯಿಂದ ಆಕ್ಸಿನ್ ಎಂಬ ಹಾರ್ಮೋನು ಹರಿದು ಬರುವ ತನಕ ಅಲ್ಲಿ ಹಿಡಿತ ಗಟ್ಟಿ. ಹರಿವು ಕಡಿಮೆಯಾದರೆ ಪದರದ ಜೀವಕೋಶಗಳು ಸಡಿಲವಾಗುತ್ತವೆ, ಎಲೆ ಕಳಚಿ ಬೀಳುತ್ತದೆ. ಟಿಬಾ ಈ ಆಕ್ಸಿನ್ ಸಾಗಾಟವನ್ನೇ ತಡೆಯುತ್ತದೆ. ಗಾಲ್‌ಸ್ಟನ್ ಇದನ್ನು ಪ್ರಬಂಧದಲ್ಲಿ ಬರೆದರು, ನೌಕಾಪಡೆಗೆ ಹೋದರು. ಸೇನೆಯ ಜೈವಿಕ ಯುದ್ಧ ಸಂಶೋಧಕರು ಆ ಪ್ರಬಂಧವನ್ನು ಓದಿದ್ದಾರೆ ಎಂದು ಅವರಿಗೆ ಗೊತ್ತಾದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ.

ಸೇನೆ ಮಾತ್ರ ಅವರ ಪ್ರಬಂಧಕ್ಕಾಗಿ ಕಾದು ಕೂತಿರಲಿಲ್ಲ. ಗಿಡಗಳನ್ನು ಹಾರ್ಮೋನಿನಿಂದಲೇ ಕೊಲ್ಲಬಹುದು ಎಂಬ ಯೋಚನೆಯನ್ನು ಶಿಕಾಗೊ ವಿಶ್ವವಿದ್ಯಾಲಯದ ಇ.ಜೆ. ಕ್ರೌಸ್ 1941ರಲ್ಲೇ ಮುಂದಿಟ್ಟಿದ್ದರು. ಮೇರಿಲ್ಯಾಂಡಿನ ಕ್ಯಾಂಪ್ ಡೆಟ್ರಿಕ್ ಎಂಬ ಸೇನಾ ಸಂಶೋಧನಾ ಕೇಂದ್ರದಲ್ಲಿ ನೂರಾರು ರಾಸಾಯನಿಕಗಳ ಪರೀಕ್ಷೆ ನಡೆಯಿತು. ಜಪಾನಿನ ಭತ್ತದ ಗದ್ದೆಗಳು ಸೇನೆಯ ಕಣ್ಣಲ್ಲಿದ್ದವು. ಬಳಸುವ ಮೊದಲೇ ಯುದ್ಧ ಮುಗಿಯಿತು. ಆ ಕೆಲಸದಲ್ಲಿ ಗಟ್ಟಿಯಾಗಿ ನಿಂತದ್ದು 2,4-ಡಿ ಮತ್ತು 2,4,5-ಟಿ. ಇವು ಟಿಬಾದ ಹಾಗಲ್ಲ. ಆಕ್ಸಿನ್‌ನ ವೇಷ ಹಾಕಿ ಗಿಡದೊಳಗೆ ಹೋಗುತ್ತವೆ. ಗಿಡ ಅಂಕೆಯಿಲ್ಲದೆ ಬೆಳೆಯಲು ಹೋಗಿ, ಸುರುಟಿ ಸಾಯುತ್ತದೆ. ಹುಲ್ಲಿನ ಜಾತಿಗೆ ಅಷ್ಟು ಏಟು ಬೀಳುವುದಿಲ್ಲ. ಆದ್ದರಿಂದಲೇ 2,4-ಡಿ ಕಳೆನಾಶಕವಾಗಿ ಅಂಗಡಿಗೆ ಬಂತು. ನಮ್ಮ ಕಬ್ಬು, ಮುಸುಕಿನ ಜೋಳದ ಹೊಲಗಳಲ್ಲಿ ಈಗಲೂ ಬಳಸುವುದು ಇದನ್ನೇ.

ಈ ಎರಡನ್ನೂ ಅರ್ಧಕ್ಕರ್ಧ ಬೆರೆಸಿದ್ದು ಏಜೆಂಟ್ ಆರೆಂಜ್. ಡ್ರಮ್ಮಿನ ಸುತ್ತ ಬಳಿದ ಕಿತ್ತಳೆ ಪಟ್ಟಿಯಿಂದ ಆ ಹೆಸರು ಬಂತು. 1962ರಿಂದ 1971ರವರೆಗೆ ‘ಆಪರೇಷನ್ ರಾಂಚ್ ಹ್ಯಾಂಡ್’ ಹೆಸರಲ್ಲಿ ಅಮೆರಿಕದ ವಿಮಾನಗಳು ದಕ್ಷಿಣ ವಿಯೆಟ್ನಾಮಿನ ಮೇಲೆ ಏಳು ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕ ಸುರಿದವು. ಸಿ-123 ವಿಮಾನವೊಂದರ ಟ್ಯಾಂಕಿನಲ್ಲಿ ಸುಮಾರು 3,800 ಲೀಟರ್. ಖಾಲಿಯಾಗಲು ನಾಲ್ಕು ನಿಮಿಷ ಸಾಕು. ಭತ್ತ ಹುಲ್ಲಿನ ಜಾತಿ ಅಲ್ವಾ, ಅದು ಆರೆಂಜಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಆರ್ಸೆನಿಕ್ ಇರುವ ಏಜೆಂಟ್ ಬ್ಲೂ ಬಳಸಿದರು. ಶತ್ರುವಿಗೆ ಮರೆ ಸಿಗಬಾರದು ಎಂದು ಕಾಡು, ಊಟ ಸಿಗಬಾರದು ಎಂದು ಬೆಳೆ. ಆ ಊಟ ಯಾರದ್ದು ಅಂತ ವಿಮಾನದಿಂದ ಹೇಗೆ ಗೊತ್ತಾಗಬೇಕು? ಕರಾವಳಿಯ ಕಾಂಡ್ಲಾ ಕಾಡು ಒಂದೇ ಸಿಂಪರಣೆಗೆ ಸತ್ತಿತು.

ಗಾಲ್‌ಸ್ಟನ್ ಎದ್ದು ನಿಂತದ್ದು ಈ ಹೊತ್ತಿಗೆ. 1966ರಲ್ಲಿ ಅಮೆರಿಕದ ಸಸ್ಯಶರೀರಶಾಸ್ತ್ರಜ್ಞರ ಸಂಘದಲ್ಲಿ ಒಂದು ನಿರ್ಣಯ ಮಂಡಿಸಲು ನೋಡಿದರು. ಸಂಘ ಒಪ್ಪಲಿಲ್ಲ. ಆಗ ಒಂದಷ್ಟು ಸಸ್ಯವಿಜ್ಞಾನಿಗಳ ಸಹಿ ಪಡೆದು ಅಧ್ಯಕ್ಷ ಜಾನ್ಸನ್‌ಗೆ ನೇರವಾಗಿ ಪತ್ರ ಬರೆದರು. ವಿದೇಶಾಂಗ ಇಲಾಖೆಯಿಂದ ಉತ್ತರ ಬಂತು. ಈ ರಾಸಾಯನಿಕಗಳಿಂದ ಮನುಷ್ಯರಿಗೆ, ಪ್ರಾಣಿಗಳಿಗೆ ಅಪಾಯವಿಲ್ಲ, ನಮ್ಮ ರೈತರೇ ಬಳಸುತ್ತಾರೆ ಎಂಬುದು ಅದರ ಸಾರ.

ಈ ಉತ್ತರವನ್ನು ಸ್ವಲ್ಪ ನಿಂತು ನೋಡಬೇಕು. ರೈತರು ಬಳಸುತ್ತಿದ್ದದ್ದು ನಿಜ. ಆದರೆ ವಿಯೆಟ್ನಾಮಿನಲ್ಲಿ ಎಕರೆಗೆ ಸುರಿದದ್ದು ಹೊಲದ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಇನ್ನೊಂದು, ಅದರಲ್ಲಿ ಬೇಡದ ವಸ್ತುವೊಂದು ಸೇರಿತ್ತು. 2,4,5-ಟಿ ತಯಾರಿಸುವಾಗ ಶಾಖ ಹದ ತಪ್ಪಿದರೆ ಟಿಸಿಡಿಡಿ ಎಂಬ ಡಯಾಕ್ಸಿನ್ ಹುಟ್ಟುತ್ತದೆ. ಅದು ಅತಿ ಕಡಿಮೆ ಪ್ರಮಾಣದಲ್ಲೂ ಘೋರ ವಿಷ, ಮಣ್ಣಲ್ಲಿ ದಶಕಗಟ್ಟಲೆ ಉಳಿಯುತ್ತದೆ.

1969ರಲ್ಲಿ ಬಯೊನೆಟಿಕ್ಸ್ ಪ್ರಯೋಗಾಲಯದ ವರದಿ ಹೊರಬಂತು. 2,4,5-ಟಿ ತಿಂದ ಇಲಿಗಳ ಮರಿಗಳು ಅಂಗವಿಕಲವಾಗಿ ಹುಟ್ಟಿದ್ದವು. ಸರ್ಕಾರವೇ ಮಾಡಿಸಿದ ಪ್ರಯೋಗ ಅದು, ಫಲಿತಾಂಶ ಮಾತ್ರ ಅಲ್ಲಿಯವರೆಗೆ ಹೊರಗೆ ಬಂದಿರಲಿಲ್ಲ. ಗಾಲ್‌ಸ್ಟನ್, ಹಾರ್ವರ್ಡಿನ ಮ್ಯಾಥ್ಯೂ ಮೆಸೆಲ್ಸನ್ ಮತ್ತಿತರರು ಅಧ್ಯಕ್ಷ ನಿಕ್ಸನ್‌ರ ವಿಜ್ಞಾನ ಸಲಹೆಗಾರ ಲೀ ಡುಬ್ರಿಜ್‌ಗೆ ಇದರ ಅರ್ಥ ವಿವರಿಸಿದರು. ಡುಬ್ರಿಜ್ ಹಿಂದೆ ಕ್ಯಾಲ್ಟೆಕ್ ಸಂಸ್ಥೆಯ ಅಧ್ಯಕ್ಷರು, ಗಾಲ್‌ಸ್ಟನ್‌ಗೆ ಅಲ್ಲಿಂದಲೇ ಪರಿಚಯ. ಆ ಅಕ್ಟೋಬರಿನಲ್ಲೇ 2,4,5-ಟಿ ಬಳಕೆಗೆ ಮಿತಿ ಹಾಕುವ ಪ್ರಕಟಣೆ ಬಂತು. 1970ರ ಏಪ್ರಿಲ್‌ನಲ್ಲಿ ಏಜೆಂಟ್ ಆರೆಂಜ್ ಬಳಕೆ ನಿಂತಿತು. 1971ರ ಜನವರಿಯಲ್ಲಿ ರಾಂಚ್ ಹ್ಯಾಂಡ್ ಕೊನೆಯಾಯಿತು. ಯುದ್ಧದ ವಿರುದ್ಧ ನಡೆದ ಮೆರವಣಿಗೆಗಳು ಮಾಡಿದ ಕೆಲಸ ದೊಡ್ಡದು, ಅನುಮಾನವಿಲ್ಲ. ಆದರೆ ಇಲ್ಲಿ ಮುಖ್ಯವಾಗಿ ಕೆಲಸ ಮಾಡಿದ್ದು ಪತ್ರ, ವರದಿ, ಪರಿಚಯದವರೊಬ್ಬರ ಕೋಣೆಯಲ್ಲಿ ತಾಳ್ಮೆಯಿಂದ ಕೊಟ್ಟ ವಿವರಣೆ ಎಂದೇ ನನ್ನ ನಂಬಿಕೆ.

1970ರಲ್ಲಿ ವಾಷಿಂಗ್ಟನ್‌ನ ಸಮ್ಮೇಳನವೊಂದರಲ್ಲಿ ಗಾಲ್‌ಸ್ಟನ್, ಪರಿಸರವನ್ನು ಹೀಗೆ ಬೇಕೆಂದೇ ನಾಶಮಾಡುವುದಕ್ಕೆ ‘ಇಕೋಸೈಡ್’, ಅಂದರೆ ಪರಿಸರ ಹತ್ಯೆ, ಎಂದು ಹೆಸರಿಟ್ಟು, ಇದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ಬೇಕೆಂದರು. ಮರುವರ್ಷ ಎಂಐಟಿಯ ಈಥನ್ ಸೈನರ್ ಜೊತೆ ಉತ್ತರ ವಿಯೆಟ್ನಾಮಿಗೂ ಚೀನಾಕ್ಕೂ ಹೋಗಿ ಬಂದರು. 1975ರಲ್ಲಿ ಅಧ್ಯಕ್ಷ ಫೋರ್ಡ್, ಯುದ್ಧದಲ್ಲಿ ಸಸ್ಯನಾಶಕವನ್ನು ಅಮೆರಿಕ ಮೊದಲಾಗಿ ಬಳಸುವುದಿಲ್ಲ ಎಂದು ಆದೇಶ ಹೊರಡಿಸಿದರು. ಇಕೋಸೈಡ್ ಅನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಕಾನೂನಿಗೆ ಸೇರಿಸಿ ಎಂದು ವನುವಾಟು, ಫಿಜಿ, ಸಮೋವಾ ಪ್ರಸ್ತಾವ ಕೊಟ್ಟದ್ದು 2024ರಲ್ಲಿ. ಗಾಲ್‌ಸ್ಟನ್ 2008ರಲ್ಲೇ ತೀರಿಕೊಂಡಿದ್ದರು.

ಕೊನೆಯವರೆಗೂ ಅವರು ತಮ್ಮ ಪ್ರಬಂಧವನ್ನು ಮರೆಯಲಿಲ್ಲ. ಕೆಟ್ಟದ್ದಕ್ಕೆ ಬಳಕೆಯಾಗುವ ಸಂಶೋಧನೆಗೆ ಕೈಹಾಕದಿದ್ದರೆ ಸಾಕು ಎಂದು ಮೊದಲು ಅಂದುಕೊಂಡಿದ್ದೆ, ಅದು ಅಷ್ಟು ಸರಳವಲ್ಲ ಎಂಬರ್ಥದಲ್ಲಿ ಬರೆದಿದ್ದಾರೆ. ಯೇಲ್‌ನಲ್ಲಿ ಜೈವಿಕ ನೀತಿಶಾಸ್ತ್ರದ ಪಾಠ ಶುರುಮಾಡಿದರು. ಟಿಬಾಗೂ ಆರೆಂಜಿಗೂ ನೇರ ಸಂಬಂಧವಿಲ್ಲ ಎಂದು ಕೈತೊಳೆದುಕೊಳ್ಳಬಹುದಿತ್ತು. ತೊಳೆದುಕೊಳ್ಳಲಿಲ್ಲ.

ಇಂಥ ಕಡತಗಳು ಇತಿಹಾಸಕಾರರಿಗೆ ಮಾತ್ರ ಬೇಕಾದವಲ್ಲ. 2004ರಲ್ಲಿ ವಿಯೆಟ್ನಾಮಿನ ಸಂತ್ರಸ್ತರು ರಾಸಾಯನಿಕ ಕಂಪನಿಗಳ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. ಮರುವರ್ಷ ನ್ಯಾಯಾಲಯ ಅದನ್ನು ವಜಾ ಮಾಡಿತು. ಆ ಕಾಲದ ಅಂತರರಾಷ್ಟ್ರೀಯ ಕಾನೂನಿನಲ್ಲಿ ಸಸ್ಯನಾಶಕ ‘ವಿಷ’ವಾಗಿರಲಿಲ್ಲ ಎಂಬುದು ತೀರ್ಪಿನ ಮುಖ್ಯ ಕಾರಣಗಳಲ್ಲೊಂದು. ಆ ಕಾಲದಲ್ಲಿ ಇದನ್ನು ಎಲ್ಲರೂ ಒಪ್ಪಿದ್ದರಾ? 1966ರಲ್ಲಿ ಗಾಲ್‌ಸ್ಟನ್ ಪತ್ರ ಬರೆದಿದ್ದರು. 1967ರಲ್ಲಿ 5,000ಕ್ಕೂ ಹೆಚ್ಚು ವಿಜ್ಞಾನಿಗಳು ಇಂಥ ಅಸ್ತ್ರಗಳ ವಿರುದ್ಧ ಅಧ್ಯಕ್ಷರಿಗೆ ಮನವಿ ಕೊಟ್ಟಿದ್ದರು. ಗಿಡಗಳಿಗೆ ವಿಷವಾಗುವ ರಾಸಾಯನಿಕವನ್ನೂ ಯುದ್ಧದಲ್ಲಿ ಬಳಸುವಂತಿಲ್ಲ ಎಂದು 1969ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 80 ದೇಶಗಳು ಮತ ಹಾಕಿದ್ದವು. ವಿರೋಧಿಸಿದ್ದು ಅಮೆರಿಕ, ಆಸ್ಟ್ರೇಲಿಯಾ ಮತ್ತು ಪೋರ್ಚುಗಲ್ ಮಾತ್ರ.