ಬೆನ್ನಿನ ಫೋಟೋ ಒಂದನ್ನೇ ಕಳಿಸಬೇಡಿ

ಅವರೆ ಹೂ ಬಿಡುವ ಕಾಲ ಬಂತು ಅಂದರೆ ನನ್ನ ಫೋನಿಗೆ ಹೋವರ್‌ಫ್ಲೈ, ಅಂದರೆ ಗಾಳಿಯಲ್ಲಿ ನಿಂತಂತೆ ಹಾರುವ ಪಟ್ಟೆ ನೊಣದ ಫೋಟೋಗಳು ಬರತೊಡಗುತ್ತವೆ. ಚಿಂತಾಮಣಿಯಿಂದ, ಶ್ರೀನಿವಾಸಪುರದಿಂದ, ದೇವರಾಯನದುರ್ಗ ಹತ್ತಿದವರಿಂದ. ನೋಡಲು ಬಲು ಚಂದ. ಆದರೆ ಹೆಚ್ಚಿನವು ಮೇಲಿನಿಂದ ತೆಗೆದವು, ಅದೂ ಒಂದೇ ಒಂದು. ಜೊತೆಗೆ ‘ಪ್ರಭೇದ ಯಾವುದು?’ ಅನ್ನುವ ಪ್ರಶ್ನೆ. ಇಷ್ಟರಲ್ಲಿ ಹೇಳಲಾಗದು ಅಂದರೆ ಬೇಸರ ಮಾಡಿಕೊಳ್ಳುತ್ತಾರೆ.

ಪಟ್ಟೆ ನೋಡಿದರೆ ಹೆಸರು ಸಿಗುತ್ತದೆ ಅನ್ನುವ ನಂಬಿಕೆಯೇ ಇಲ್ಲಿ ತೊಂದರೆ. ಜೇನ್ನೊಣ, ಕಣಜಗಳಂತೆ ಕಂಡು ಹಕ್ಕಿಗಳಿಂದ ಬಚಾವಾಗಲು ಈ ಪಟ್ಟೆ. ದೂರದ ಸಂಬಂಧಿಗಳಿಗೂ ಒಂದೇ ವೇಷ. ಅದರ ಮೇಲೆ, ಒಂದೇ ಪ್ರಭೇದದಲ್ಲೂ ಬಣ್ಣ ಬದಲಾಗುತ್ತದೆ. ಎಪಿಸಿರ್ಫಸ್ ಬಾಲ್ಟಿಯಾಟಸ್ ಅನ್ನುವ ಪ್ರಭೇದದ ಕೋಶ (ಪ್ಯೂಪಾ) ಚಳಿಯಲ್ಲಿ ಬೆಳೆದರೆ ನೊಣದ ಮೈಯಲ್ಲಿ ಕಪ್ಪು ಜಾಸ್ತಿ, ಬೆಚ್ಚಗಿದ್ದರೆ ಹಳದಿ ಜಾಸ್ತಿ. ಅವೆರಡನ್ನು ಬೇರೆ ಬೇರೆ ಅಂದುಕೊಂಡು ಕಳಿಸುವವರಿದ್ದಾರೆ.

ನಮ್ಮ ಹೊಲಗಳಲ್ಲಿ ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಅನ್ನುವ ಹೋವರ್‌ಫ್ಲೈ ಸಾಮಾನ್ಯ. ಸ್ಫೇರೋಫೋರಿಯಾ ಕುಲದವೂ ಸಿಗುತ್ತವೆ. ಎರಡೂ ಸಣಕಲು, ಎರಡಕ್ಕೂ ಎದೆಯ ಅಂಚಿನಲ್ಲಿ ಹಳದಿ ಗೆರೆ. ಮೇಲಿನಿಂದ ನೋಡಿದರೆ ಗೊಂದಲ ಸಹಜ. ಗಂಡು ಇಸ್ಕಿಯೋಡಾನಿಗೆ ಹಿಂಗಾಲಿನ ಬುಡದಲ್ಲಿ ಒಂದು ಮುಳ್ಳಿರುತ್ತದೆ. ಅದು ಬೆನ್ನಿನ ಫೋಟೋದಲ್ಲಿ ಹೇಗೆ ಕಾಣಬೇಕು ಹೇಳಿ? ಇನ್ನು ಸ್ಫೇರೋಫೋರಿಯಾದಲ್ಲಿ ಪ್ರಭೇದ ಗಟ್ಟಿಯಾಗಿ ಹೇಳಲು ಸಾಮಾನ್ಯವಾಗಿ ಗಂಡಿನ ಜನನಾಂಗವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೆಣ್ಣಿನ ಫೋಟೋ ಕಳಿಸಿದರೆ ನಾನು ಕುಲದ ಹೆಸರು ಹೇಳಿ ನಿಲ್ಲಿಸುತ್ತೇನೆ. ಅದು ಅರ್ಧ ಉತ್ತರವಲ್ಲ, ಆ ಫೋಟೋದಲ್ಲಿರುವ ಪೂರ್ತಿ ಉತ್ತರವೇ ಅದು. ಫೋಟೋ ನೋಡಿ ಆಪ್ ಕೊಡುವ ಹೆಸರನ್ನೂ ಸುಮ್ನೆ ನಂಬಬೇಡಿ. ಎಷ್ಟೋ ಸಲ ಅದು ಯೂರೋಪಿನ ನೊಣದ ಹೆಸರು ಹೇಳಿರುತ್ತದೆ.

ತುಮಕೂರಿನ ಒಬ್ಬ ವಿದ್ಯಾರ್ಥಿನಿ ಚೆಂಡು ಹೂವಿನ ಮೇಲೆ ಕೂತ ನೊಣದ ಬೆನ್ನಿನ ಚಿತ್ರ ಕಳಿಸಿದ್ದಳು. ‘ಪಕ್ಕದಿಂದ ತೆಗೆದದ್ದು ಇದೆಯೇನಮ್ಮ?’ ಅಂದೆ. ‘ಇತ್ತು ಸರ್, ಮಸುಕಾಗಿತ್ತು, ಡಿಲೀಟ್ ಮಾಡಿದೆ’ ಅಂದಳು. ಹೊಟ್ಟೆ ಉರಿಯಿತು. ಕಾಲು ಕಾಣುವ ಮಸುಕು ಫೋಟೋ ನನಗೆ ಆ ಚಂದದ ಫೋಟೋಗಿಂತ ದೊಡ್ಡದು. ಪುಣ್ಯಕ್ಕೆ ಫೋನಿನ ಕಸದಬುಟ್ಟಿಯಲ್ಲಿ ಇನ್ನೂ ಉಳಿದಿತ್ತು. ಕಾಲಿನ ಬುಡದ ಮುಳ್ಳು ಕಂಡಿತು, ಗಂಡು ಇಸ್ಕಿಯೋಡಾನ್ ಅಂತ ಹೇಳಿದೆ. ಆ ಹುಡುಗಿ ಈಗ ಎಲ್ಲವನ್ನೂ ಉಳಿಸಿಕೊಳ್ಳುತ್ತಾಳೆ. ನನಗೆ ಬಹಳ ಸಂತೋಷ.

ಹೆಸರೇ ಬೇಡದ ಕೆಲಸವೂ ಇದೆ. ಚಿಂತಾಮಣಿ ಕಡೆಯ ರೈತರೊಬ್ಬರು ಅವರೆ ಕುಡಿಯಲ್ಲಿ ಗಿಡಹೇನಿನ ನಡುವೆ ಕಾಲಿಲ್ಲದ ಹಸಿರು ಹುಳ ತೋರಿಸಿ ಯಾವ ಔಷಧಿ ಹೊಡೆಯಲಿ ಅಂದರು. ಅದು ಹೋವರ್‌ಫ್ಲೈ ಮರಿ, ಹೇನು ತಿನ್ನುತ್ತಿತ್ತು. ಹೊಡೆಯಬೇಡಿ ಅಂದೆ. ಅಲ್ಲಿ ಪ್ರಭೇದ ಯಾವುದಾದರೇನು?

ಹೆಸರು ಬೇಕೇ ಬೇಕು ಅನ್ನುವವರು ಹೀಗೆ ಮಾಡಿ. ಬೆಳಿಗ್ಗೆ ತಂಪಿನಲ್ಲಿ ಹೋಗಿ, ಆಗ ಹೆಚ್ಚು ಓಡಾಡದೆ ಕೂರುತ್ತವೆ. ನಿಮ್ಮ ನೆರಳು ಬೀಳಿಸಬೇಡಿ. ಹಾರಿಹೋದರೂ ಸ್ವಲ್ಪ ಕಾಯಿರಿ, ಎಷ್ಟೋ ಸಲ ಅದೇ ಜಾಗಕ್ಕೆ ಬರುತ್ತದೆ. ಮೊದಲು ಬೆನ್ನು, ಆಮೇಲೆ ಪಕ್ಕ, ಆಮೇಲೆ ಮುಖ. ಕಣ್ಣುಗಳು ನೆತ್ತಿಯಲ್ಲಿ ಕೂಡಿವೆಯೇ, ನಡುವೆ ಅಂತರ ಇದೆಯೇ ಕಾಣಲಿ. ಹೆಚ್ಚಿನವುಗಳಲ್ಲಿ ಕೂಡಿದ್ದರೆ ಗಂಡು. ಎರಿಸ್ಟಲೈನಸ್ ಕುಲದವಕ್ಕೆ ಕಣ್ಣಿನಲ್ಲೇ ಚುಕ್ಕೆ, ಪಟ್ಟೆ ಇರುತ್ತವೆ. ರೆಕ್ಕೆಯ ನರ ಕಾಣುವಂತೆ ಒಂದಾದರೂ ಇರಲಿ. ಎಡಿಟ್ ಮಾಡಿ ಬಣ್ಣ ಏರಿಸಬೇಡಿ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಚಿತ್ರ ಕುಗ್ಗಿ ನರಗಳು ಅಳಿಸಿಹೋಗುತ್ತವೆ. ಊರು, ತಾರೀಖು, ಯಾವ ಹೂವು ಅನ್ನುವುದನ್ನೂ ಬರೆಯಿರಿ.